ನಾನೇ ಓದಿ ನೋಡುತ್ತೇನೆ ಅಂದ ರಮಾಬಾಯಿ

ಕಾರ್ಕಳದಿಂದ ಬಜಗೋಳಿ ದಾಟಿ, ಮಾಳ ದಾಟಿ, ಕಾಡಿನ ನಡುವೆ ಸುತ್ತುತ್ತಾ ಘಾಟಿ ಏರಿದರೆ ಕುದುರೆಮುಖದ ದಾರಿಯಲ್ಲಿ ಗಂಗಾಮೂಲ ಸಿಗುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಜಾಗ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. 1858ರ ಏಪ್ರಿಲ್ 23ರಂದು ಆ ಕಾಡಿನಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅದು ಮುಂದೆ ಪಂಡಿತಾ ರಮಾಬಾಯಿ ಆಯಿತು ಅನ್ನೋದು ಮಾತ್ರ ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ರಮಾಬಾಯಿ ಅಂದ ಕೂಡಲೇ ನೆನಪಾಗುವುದು ಪುಣೆ, ಮುಂಬೈ, ಮಹಾರಾಷ್ಟ್ರದ ಸಮಾಜ ಸುಧಾರಣೆ. ವಿಧವೆಯರಿಗಾಗಿ ಶಾರದಾ ಸದನ ಕಟ್ಟಿದರು ಅನ್ನುವ ಒಂದು ಸಾಲು ಓದಿರುತ್ತೇವೆ, ಅಷ್ಟೇ. ಅವರು ಕ್ರೈಸ್ತರಾದರು ಅನ್ನುವ ಸಂಗತಿ ಆ ಸಾಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಚರ್ಚಿನವರು ಹೇಳುವ ರಮಾಬಾಯಿ ಬೇರೆಯೇ. ಅಲ್ಲಿ ಅವರು ಪ್ರಾರ್ಥನೆಯಿಂದಲೇ ಎಲ್ಲವನ್ನೂ ಪಡೆದ ಭಕ್ತೆ. ಬಿಷಪ್ಪರ ಮಾತಿಗೆ ತಲೆಬಾಗದೆ ಪುಟಗಟ್ಟಲೆ ವಾದ ಬರೆದ ಹೆಣ್ಣು ಅಲ್ಲಿ ಕಾಣಿಸುವುದಿಲ್ಲ. ಇಬ್ಬರೂ ತಮಗೆ ಬೇಕಾದ ಅರ್ಧ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿದ್ದಾರೆ. ನನಗೆ ಆ ಎರಡು ಅರ್ಧಗಳೂ ಒಂದೇ ಹಟದಿಂದ ಬಂದವು ಅನ್ನಿಸುತ್ತದೆ. ನನಗೂ ಧರ್ಮಗ್ರಂಥಕ್ಕೂ ನಡುವೆ ಇನ್ನೊಬ್ಬರು ನಿಂತು ಅರ್ಥ ಹೇಳುವುದು ಬೇಡ, ನಾನೇ ಓದಿ ನೋಡುತ್ತೇನೆ ಅನ್ನುವ ಹಟ. ಅದು ಅಪ್ಪನ ಮನೆಯಲ್ಲೇ ಶುರುವಾದದ್ದು.

ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಮಾಳದ ಚಿತ್ಪಾವನ ಬ್ರಾಹ್ಮಣರು. ಹುಡುಗನಾಗಿದ್ದಾಗ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿ ಸಾಠೆ ಅನ್ನುವವರ ಹತ್ತಿರ ಸಂಸ್ಕೃತ ಕಲಿತರು. ಆ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಯೊಬ್ಬರಿಗೆ ಪಾಠ ಹೇಳುತ್ತಿದ್ದರು. ಜೊತೆಗೆ ಹೋಗುತ್ತಿದ್ದ ಶಿಷ್ಯನ ಕಿವಿಗೆ ಒಬ್ಬ ಹೆಂಗಸು ಸಂಸ್ಕೃತ ಶ್ಲೋಕ ಹೇಳುವ ದನಿ ಬಿತ್ತು. ಹೆಂಗಸರು ಹೀಗೂ ಕಲಿಯಬಹುದು ಅಂತ ಅವರಿಗೆ ಅನ್ನಿಸಿದ್ದೇ ಆಗ. ಊರಿಗೆ ಬಂದು ಹೆಂಡತಿಗೆ ಕಲಿಸಲು ಹೊರಟರೆ ಮನೆಯವರು ಬಿಡಲಿಲ್ಲ. ಆ ಹೆಂಡತಿ ತೀರಿಹೋದ ಮೇಲೆ, ಗೋದಾವರಿ ತೀರದ ಪೈಠಣದಲ್ಲಿ ಯಾತ್ರೆಗೆ ಬಂದಿದ್ದ ಒಬ್ಬ ಬ್ರಾಹ್ಮಣರು ನದಿಯಲ್ಲಿ ಮೀಯುತ್ತಿದ್ದ ಅನಂತಶಾಸ್ತ್ರಿಗಳನ್ನು ನೋಡಿ ತಮ್ಮ ಮಗಳನ್ನು ಕೊಟ್ಟರು. ಹುಡುಗಿಗೆ ಒಂಬತ್ತು ವರ್ಷ. ಶಾಸ್ತ್ರಿಗಳಿಗೆ ನಲವತ್ತು ದಾಟಿತ್ತು. ಇವತ್ತು ಇದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಬಾಲ್ಯವಿವಾಹದ ವಿರುದ್ಧ ಜೀವನವಿಡೀ ಮಾತಾಡಿದ ರಮಾಬಾಯಿಯ ಅಮ್ಮನೇ ಹೀಗೆ ಮದುವೆಯಾದವರು.

ಆ ಲಕ್ಷ್ಮೀಬಾಯಿಗೆ ಶಾಸ್ತ್ರಿಗಳು ಸಂಸ್ಕೃತ ಕಲಿಸಿದರು. ಊರವರು ಸುಮ್ಮನಿರಲಿಲ್ಲ. ಉಡುಪಿಯ ಮಠದಿಂದ ಕರೆ ಬಂತು, ಹೆಂಗಸಿಗೆ ಕಲಿಸುವುದು ಸರಿಯೇ ಅಂತ ವಿವರಣೆ ಕೊಡಬೇಕಾಯಿತು. ಅನಂತಶಾಸ್ತ್ರಿ ಕ್ಷಮೆ ಕೇಳಲಿಲ್ಲ. ಶಾಸ್ತ್ರಗಳನ್ನೇ ತೆಗೆದಿಟ್ಟು, ವೇದ ಒಂದನ್ನು ಬಿಟ್ಟರೆ ಉಳಿದದ್ದನ್ನು ಹೆಣ್ಣು ಕಲಿಯಬಾರದು ಅಂತ ಎಲ್ಲೂ ಇಲ್ಲ ಎಂದು ತೋರಿಸಿದರು. ವೇದ ಕಲಿಸುವ ಮಟ್ಟಕ್ಕೆ ಅವರೂ ಹೋಗಲಿಲ್ಲ ಅನ್ನೋದನ್ನು ನೆನಪಿಡಬೇಕು. ಅವರು ಕ್ರಾಂತಿಕಾರಿ ಅಲ್ಲ, ಕಟ್ಟಾ ಸಂಪ್ರದಾಯಸ್ಥರು. ಪುಸ್ತಕದಲ್ಲಿ ಏನಿದೆ ಅಂತ ತೆರೆದು ನೋಡುವ ಧೈರ್ಯ ಮಾತ್ರ ಅವರಲ್ಲಿತ್ತು.

ಹೆಂಡತಿಯನ್ನು ಕರೆದುಕೊಂಡು ಅವರು ಘಟ್ಟದ ಕಾಡು ಸೇರಿದರು. ಮೊದಲ ರಾತ್ರಿ ತಲೆ ಮೇಲೆ ಸೂರಿಲ್ಲ. ಕಣಿವೆಯ ಆಚೆ ಹುಲಿ ಕೂಗುತ್ತಿತ್ತು. ಎಳೆ ಹುಡುಗಿ ಕೌದಿಯೊಳಗೆ ಮುದುಡಿ ನಡುಗುತ್ತಾ ಮಲಗಿದ್ದಳು. ಗಂಡ ಬೆಳಗಿನವರೆಗೆ ಎದ್ದು ಕಾವಲು ಕೂತಿದ್ದ. ಆಮೇಲೆ ಮನೆ ಎದ್ದಿತು, ಶಿಷ್ಯರು ಬಂದರು, ಯಾತ್ರಿಕರು ಬಂದರು. ಬಂದವರಿಗೆಲ್ಲಾ ಊಟ ಹಾಕಿ ಹಾಕಿ ಶಾಸ್ತ್ರಿಗಳು ಸಾಲಗಾರರಾದರು. ಇದ್ದ ಜಮೀನು ಹೋಯಿತು. ರಮಾ ಆರು ತಿಂಗಳ ಮಗುವಾಗಿದ್ದಾಗ ಸಂಸಾರ ಕಾಡು ಬಿಟ್ಟು ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳಿನ ತಲೆ ಮೇಲೆ ಹೊರಿಸಿದರು.

ಅಲ್ಲಿಂದ ಮುಂದೆ ಅವರದ್ದು ಊರಿಲ್ಲದ ಬದುಕು. ದಾರಿಯಲ್ಲೇ ಅಮ್ಮ ಮಗಳಿಗೆ ಪಾಠ ಹೇಳಿದರು. ಬೆಳಕು ಹರಿಯುವ ಮೊದಲೇ ಮಗುವನ್ನು ಎಬ್ಬಿಸಿ, ಹಕ್ಕಿಗಳು ಚಿಲಿಪಿಲಿ ಅನ್ನುವ ಹೊತ್ತಿಗೆ ಶ್ಲೋಕ ಹೇಳಿಕೊಡುತ್ತಿದ್ದರಂತೆ. ಹಗಲಿಗೆ ಮನೆಗೆಲಸ ಇರುತ್ತಿತ್ತಲ್ಲ. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ರಮೆಗೆ ಹಾಗೆ ಬಾಯಿಗೆ ಬಂದವು.

ಹೊಟ್ಟೆಪಾಡು ಪುರಾಣದಿಂದ. ದೇವಸ್ಥಾನದ ಮಂಟಪದಲ್ಲೋ, ಮರದ ಕೆಳಗೋ, ಕೆರೆ ದಂಡೆಯಲ್ಲೋ ಕೂತು ರಾಗವಾಗಿ ಪುರಾಣ ಓದುವುದು. ಬಂದವರು ಹೂವು, ಹಣ್ಣು, ಅಕ್ಕಿ, ಕಾಸು ಇಟ್ಟು ಹೋಗುವುದು. ಹೀಗಾಗಿ ರಮಾಬಾಯಿ ಮತಾಂತರವಾದ ಮೇಲೆ ಬೋಧಕರಾದವರಲ್ಲ. ಬೋಧನೆ ಅವರ ಕುಲಕಸುಬು. ಮುಂದೆ 1907ರಲ್ಲಿ ತಮ್ಮ ನಂಬಿಕೆಯ ಕಥೆಯನ್ನು ಬರೆಯುವಾಗ ಈ ಪುರಾಣಿಕರ ಬಗ್ಗೆ ಅವರು ಒಂದು ಮಾತು ಹೇಳುತ್ತಾರೆ. ಓದುವುದು ಸಂಸ್ಕೃತ, ಕೇಳುವವರಿಗೆ ಸಂಸ್ಕೃತ ಬರುವುದಿಲ್ಲ. ಅರ್ಥ ಹೇಳಲೇಬೇಕು ಅನ್ನುವ ನಿಯಮವೂ ಇಲ್ಲ. ಕಿವಿಗೆ ಬಿದ್ದರೆ ಸಾಕು, ಪುಣ್ಯ ಬರುತ್ತದೆ ಅಂತ ಜನ ನಂಬುತ್ತಿದ್ದರು. ಮುಂದಿನ ಅವರ ಕೆಲಸವೆಲ್ಲಾ ಈ ಮಾತಿಗೆ ಕೊಟ್ಟ ಉತ್ತರದಂತೆ ನನಗೆ ಕಾಣುತ್ತದೆ.

1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬರ ಬಂತು. ಕೂಲಿ ಮಾಡಿ ಅಭ್ಯಾಸವಿಲ್ಲ. ಭಿಕ್ಷೆ ಬೇಡಲು ಮರ್ಯಾದೆ ಅಡ್ಡ ಬಂತು. ಕೈಯಲ್ಲಿದ್ದ ದುಡ್ಡು, ಒಡವೆ, ಪಾತ್ರೆ ಎಲ್ಲಾ ಮುಗಿದವು. ಕೊನೆಗೆ ತಿರುಪತಿಯ ಹತ್ತಿರದ ಕಾಡಿನಲ್ಲಿ ಎಲೆ ತಿಂದು ಹನ್ನೊಂದು ದಿನ ಕಳೆದರು. ನೀರಿಗೆ ಇಳಿದು ಪ್ರಾಣ ಬಿಡುವುದು ಅಂತ ಅಪ್ಪ ತೀರ್ಮಾನಿಸಿದ್ದರು. ಆಗ ಅಣ್ಣ ಶ್ರೀನಿವಾಸ, ಜಾತಿಯ ಬಿಂಕ ಬಿಟ್ಟು ಕೂಲಿಗೆ ಹೋಗುತ್ತೇನೆ ಅಂದ. ಆದರೆ ತಡವಾಗಿತ್ತು, ಅಪ್ಪ ಉಳಿಯಲಿಲ್ಲ.

ಸ್ವಲ್ಪ ದಿನಕ್ಕೆ ಅಮ್ಮನೂ ಜ್ವರದಲ್ಲಿ ಮಲಗಿದರು. ತಿನ್ನಲು ಏನಾದರೂ ಕೊಡು ಅಂತ ಕೇಳುತ್ತಿದ್ದರು. ರಮಾ ಹತ್ತಿರದ ಒಂದು ಬ್ರಾಹ್ಮಣರ ಮನೆ ಬಾಗಿಲಿಗೆ ಹೋಗಿ ನಿಂತಳು. ಏನು ಬೇಕು ಅಂತ ಒಳಗಿನ ಹೆಂಗಸು ಕೇಳಿದರೆ ಬಾಯಿಂದ ಮಾತೇ ಹೊರಡಲಿಲ್ಲ. ಹೇಗೋ ಕೇಳಿ ಒಂದು ಚೂರು ಸಜ್ಜೆ ರೊಟ್ಟಿ ತಂದಳು. ಅಮ್ಮನಿಗೆ ಅದನ್ನು ತಿನ್ನಲು ಆಗಲಿಲ್ಲ. ಅಮ್ಮ ತೀರಿಕೊಂಡಾಗ ಹೆಣ ಹೊರಲು ಸಾಕಷ್ಟು ಜನ ಸಿಗಲಿಲ್ಲ. ಬಂದದ್ದು ಇಬ್ಬರು. ಅಣ್ಣ ಮೂರನೆಯವನು, ನಾಲ್ಕನೆಯವಳು ರಮಾ. ಕುಳ್ಳಗಿದ್ದ ಹುಡುಗಿ, ಹೆಗಲು ಎಟುಕದೆ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತಳು. ಹೆಣ್ಣು ಚಟ್ಟಕ್ಕೆ ಹೆಗಲು ಕೊಡಬಾರದು ಅನ್ನುವ ಕಟ್ಟಳೆ ಆ ದಿನ ಯಾರಿಗೆ ನೆನಪಿತ್ತು? ಆಮೇಲೆ ಅಕ್ಕನೂ ಹೋದಳು.

ಉಳಿದವರು ಇಬ್ಬರೇ. ಅಣ್ಣ ತಂಗಿ ದಕ್ಷಿಣದಿಂದ ಪಂಜಾಬಿನವರೆಗೆ ಸಾವಿರಾರು ಮೈಲಿ ನಡೆದರು. ಕಾಡುಹಣ್ಣು ಸಿಕ್ಕರೆ ಸಿಪ್ಪೆ, ಬೀಜ ಎಲ್ಲಾ ಸೇರಿಸಿ ನುಂಗಿದರು. ಝೀಲಂ ನದಿಯ ದಂಡೆಯಲ್ಲಿ ಒಂದು ರಾತ್ರಿ ಚಳಿ ತಡೆಯಲಾಗದೆ ಗೋರಿಯಂಥ ಎರಡು ಗುಂಡಿ ತೋಡಿ, ತಲೆ ಮಾತ್ರ ಹೊರಗಿಟ್ಟು, ಮೈಮೇಲೆ ಒಣ ಮರಳು ಎಳೆದುಕೊಂಡು ಮಲಗಿದರು. ಶಾಸ್ತ್ರದಲ್ಲಿ ಹೇಳಿದ ವ್ರತ, ಸ್ನಾನ, ದರ್ಶನ ಎಲ್ಲಾ ಮಾಡಿದೆವು, ದೇವರು ಪ್ರಸನ್ನನಾಗಲಿಲ್ಲ ಅಂತ ರಮಾಬಾಯಿ ನೇರವಾಗಿ ಬರೆದಿದ್ದಾರೆ. ಅವರ ಮತಾಂತರದ ಬಗ್ಗೆ ಮಾತಾಡುವವರು ಇಂಗ್ಲೆಂಡಿನಿಂದ ಶುರು ಮಾಡುತ್ತಾರೆ. ನನಗೆ ಅದು ಈ ಮರಳಿನ ಗುಂಡಿಯಿಂದಲೇ ಶುರುವಾಗಿತ್ತು ಅನ್ನಿಸುತ್ತದೆ.

1878ರಲ್ಲಿ ಇಬ್ಬರೂ ಕಲ್ಕತ್ತೆಗೆ ಬಂದರು. ಇಪ್ಪತ್ತು ವರ್ಷದ ಮದುವೆಯಾಗದ ಹುಡುಗಿ ಸಂಸ್ಕೃತದಲ್ಲಿ ಆಶುಕವಿತೆ ಹೇಳುತ್ತಾಳೆ ಅಂದರೆ ಸುಮ್ನೆ ಮಾತೇ? ಪಂಡಿತರು ಪರೀಕ್ಷೆ ಮಾಡಿ 'ಪಂಡಿತಾ', 'ಸರಸ್ವತಿ' ಬಿರುದು ಕೊಟ್ಟರು. ಹೆಂಗಸರಿಗೆ ಧರ್ಮದ ಬಗ್ಗೆ ಉಪನ್ಯಾಸ ಮಾಡಿ ಅಂತ ಕೇಳಿದರು. ಅದಕ್ಕೆ ತಯಾರಾಗಲು ಕೂತು ಓದಿದಾಗಲೇ ಅವರಿಗೆ ಪೆಟ್ಟು ಬಿದ್ದದ್ದು. ಧರ್ಮಶಾಸ್ತ್ರ, ಪುರಾಣ, ಕಾವ್ಯ ಒಂದೊಂದೂ ಒಂದೊಂದು ಹೇಳುತ್ತವೆ. ಆದರೆ ಎರಡೇ ವಿಷಯದಲ್ಲಿ ಎಲ್ಲಕ್ಕೂ ಒಮ್ಮತ ಇದೆ ಅಂತ ಅವರು ಕಂಡುಕೊಂಡರು: ಹೆಣ್ಣುಜಾತಿ ಕೆಟ್ಟದ್ದು, ಮತ್ತು ಹೆಣ್ಣಿಗೆ ಗಂಡಸಿನ ಹಾಗೆ ಮೋಕ್ಷ ಸಿಗುವುದಿಲ್ಲ. ಅದೇ ಊರಿನಲ್ಲಿ ಬ್ರಹ್ಮಸಮಾಜ ಅನ್ನುವ ಸುಧಾರಕ ಪಂಥದ ಕೇಶವಚಂದ್ರ ಸೇನ್, ರಮಾಬಾಯಿಯ ಕೈಗೆ ವೇದ ಕೊಟ್ಟು ಓದು ಅಂದರು. ಅಪ್ಪ ಕೂಡ ದಾಟದ ಗೆರೆಯನ್ನು ಮಗಳು ಅಲ್ಲಿ ದಾಟಿದಳು.

ಮುಂದಿನ ಎರಡು ವರ್ಷದಲ್ಲಿ ಆದದ್ದು ಜಾಸ್ತಿ. 1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅನ್ನುವ ಬಂಗಾಳಿ ವಕೀಲರನ್ನು ರಿಜಿಸ್ಟರ್ ಮದುವೆಯಾದರು. ಬ್ರಾಹ್ಮಣರ ಹುಡುಗಿ, ಶೂದ್ರ ಜಾತಿಯ ಹುಡುಗ. ಎರಡೂ ಕಡೆಯವರು ದೂರ ಇಟ್ಟರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಒಯ್ದಿತು. ಇಪ್ಪತ್ಮೂರು ವರ್ಷಕ್ಕೆ, ಕೈಯಲ್ಲಿ ಹಸುಗೂಸು ಹಿಡಿದುಕೊಂಡು ವಿಧವೆ.

ಆ ಕಾಲದಲ್ಲಿ ಮೇಲ್ಜಾತಿಯ ವಿಧವೆ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ತಲೆ ಬೋಳಿಸಿ, ಕೆಂಪು ಸೀರೆ ಸೆರಗನ್ನು ಹಣೆವರೆಗೆ ಎಳೆದುಕೊಂಡು, ಅಡುಗೆ ಮನೆ ಮತ್ತು ಹಿತ್ತಲ ನಡುವೆ ಸವೆದುಹೋದ ಹೆಂಗಸರು ಹಳೆಯ ಮನೆಗಳಲ್ಲೆಲ್ಲಾ ಇದ್ದರು. ಮದುವೆ ಶುಭಕಾರ್ಯಕ್ಕೆ ಅವರು ಎದುರು ಬರುವ ಹಾಗಿರಲಿಲ್ಲ, ಆದರೆ ಆ ಮದುವೆಯ ಹಪ್ಪಳ ಸಂಡಿಗೆ ಮಾಡಲು ಅವರೇ ಬೇಕಿತ್ತು. ರಮಾಬಾಯಿ ಅಂಥ ಮನೆಯೊಳಗೆ ಹೋಗಿ ಕೂರಲಿಲ್ಲ. ಮಗಳನ್ನು ಎತ್ತಿಕೊಂಡು ಪುಣೆಗೆ ಬಂದರು, ಹೆಂಗಸರನ್ನು ಸೇರಿಸಿ ಆರ್ಯ ಮಹಿಳಾ ಸಮಾಜ ಶುರು ಮಾಡಿದರು.

ಅದೇ 1882ರಲ್ಲಿ ಶಿಕ್ಷಣದ ಬಗ್ಗೆ ವಿಚಾರಣೆ ನಡೆಸಲು ಹಂಟರ್ ಆಯೋಗ ಪುಣೆಗೆ ಬಂತು. ರಮಾಬಾಯಿ ಮರಾಠಿಯಲ್ಲಿ ಹೇಳಿಕೆ ಕೊಟ್ಟರು. ಈ ದೇಶದ ಓದಿದ ಗಂಡಸರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹೆಣ್ಣುಮಕ್ಕಳ ಓದಿಗೆ ವಿರೋಧಿಗಳು ಅಂದರು. ಹೆಣ್ಣಿನಲ್ಲಿ ಸಾಸಿವೆಯಷ್ಟು ತಪ್ಪು ಕಂಡರೂ ಅದನ್ನು ಬೆಟ್ಟ ಮಾಡುತ್ತಾರೆ ಅಂದರು. ಶಾಲೆಗಳಿಗೆ ಹೆಣ್ಣು ಇನ್‌ಸ್ಪೆಕ್ಟರುಗಳು ಬೇಕು, ಹೆಣ್ಣು ಡಾಕ್ಟರುಗಳು ಬೇಕು ಅಂದರು. ಗಂಡು ಡಾಕ್ಟರ ಹತ್ತಿರ ಕಾಯಿಲೆ ಹೇಳಿಕೊಳ್ಳಲಾಗದೆ ಹೆಂಗಸರು ಸಾಯುತ್ತಿದ್ದಾರೆ ಅಂತ ಅವರಿಗೆ ಗೊತ್ತಿತ್ತು. ತಾವೇ ಡಾಕ್ಟರಾಗಬೇಕು ಅಂತ ಆಸೆಪಟ್ಟರು. 'ಸ್ತ್ರೀಧರ್ಮ ನೀತಿ' ಅನ್ನುವ ಪುಸ್ತಕ ಬರೆದು, ಅದರ ದುಡ್ಡಿನಲ್ಲಿ 1883ರಲ್ಲಿ ಮಗಳ ಜೊತೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗುತ್ತಾ ಬಂದದ್ದರಿಂದ ವೈದ್ಯಕೀಯ ಓದು ಆಗಲಿಲ್ಲ.

ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಸೇಂಟ್ ಮೇರಿ ಸಿಸ್ಟರ್‌ಗಳ ಮಠದಲ್ಲಿ ಇಳಿದುಕೊಂಡರು. ಧರ್ಮ ಬಿಡುವ ಯೋಚನೆ ಹೊರಡುವಾಗ ಇರಲಿಲ್ಲ. ಕೆಲವೇ ತಿಂಗಳಲ್ಲಿ, 1883ರ ಸೆಪ್ಟೆಂಬರ್ 29ರಂದು, ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಏಕೆ ಅನ್ನುವ ಪ್ರಶ್ನೆಗೆ ಅವರೇ ಉತ್ತರ ಬರೆದಿದ್ದಾರೆ. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ, ದಾರಿ ತಪ್ಪಿದವರು ಅಂತ ಸಮಾಜ ಹೊರಗೆ ಹಾಕಿದ ಹೆಂಗಸರನ್ನು ಸಿಸ್ಟರ್‌ಗಳು ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದರು. ತಾವು ಓದಿದ ಶಾಸ್ತ್ರದಲ್ಲಿ ಅಂಥ ಹೆಂಗಸಿಗೆ ಶಿಕ್ಷೆ ಬಿಟ್ಟರೆ ಬೇರೇನೂ ಇರಲಿಲ್ಲ. ಇವರು ಯಾಕೆ ಹೀಗೆ ಪ್ರೀತಿ ತೋರಿಸುತ್ತಾರೆ ಅಂತ ಕೇಳಿದಾಗ ಒಬ್ಬ ಸಿಸ್ಟರ್ ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೋರಿಸಿದರು. ಬಾವಿಯ ಹತ್ತಿರ ಯೇಸು ಸಮಾರ್ಯದ ಹೆಂಗಸಿನ ಜೊತೆ ಮಾತಾಡುವ ಕಥೆ. ಹಲವು ಗಂಡಂದಿರನ್ನು ಕಂಡ, ಬೇರೆ ಕುಲದ, ಊರು ದೂರ ಇಟ್ಟ ಹೆಣ್ಣು. ಯೇಸು ಅವಳಿಂದ ನೀರು ಕೇಳುತ್ತಾನೆ. ಮುಟ್ಟು ಮಡಿ, ನೀರಿನ ಲೆಕ್ಕಾಚಾರದಲ್ಲೇ ಬೆಳೆದ ಹೆಣ್ಣಿಗೆ ಈ ಕಥೆ ಹೇಗೆ ತಾಕಿರಬೇಕು ಅಂತ ನಾವು ಊಹಿಸಬಹುದು ಅಲ್ವಾ?

ಆದರೆ ಆ ದಿನಗಳು ಬರೀ ಬೆಳಕಿನವಲ್ಲ. ಜೊತೆಗೆ ಬಂದಿದ್ದ ಗೆಳತಿ ಆನಂದೀಬಾಯಿ ಭಗತ್ ವಾಂಟೇಜ್‌ನಲ್ಲೇ ಆತ್ಮಹತ್ಯೆ ಮಾಡಿಕೊಂಡರು. ಪರದೇಶ, ಒಂಟಿತನ, ಧರ್ಮದ ಒತ್ತಡ, ಇವು ಆ ಮನಸ್ಸನ್ನು ಎಷ್ಟು ಹಿಂಡಿರಬಹುದು. ಮತಾಂತರದ ಸುದ್ದಿ ಇಲ್ಲಿಗೆ ತಲುಪಿದಾಗ ಪುಣೆಯ ಸುಧಾರಕರು ಸಿಟ್ಟಾದರು, ಮೋಸ ಹೋದೆವು ಅಂದರು. ಜೋತಿಬಾ ಫುಲೆ ಮಾತ್ರ ರಮಾಬಾಯಿಯ ಪರ ಬರೆದರು. ಇಷ್ಟು ಓದಿದ ಹೆಣ್ಣಿಗೆ ತನ್ನ ಧರ್ಮ ಆರಿಸಿಕೊಳ್ಳುವ ಬುದ್ಧಿ ಇದೆ ಅಂತ ಒಪ್ಪಿಕೊಂಡ ದೊಡ್ಡ ಮನುಷ್ಯರು ಆಗ ಬಹಳ ಕಮ್ಮಿ.

ರಮಾಬಾಯಿಯನ್ನು ನಾನು ಅತಿ ಹೆಚ್ಚು ಇಷ್ಟಪಡುವುದು ಈ ಇಂಗ್ಲೆಂಡಿನ ವರ್ಷಗಳ ಪತ್ರಗಳಲ್ಲಿ. ದೀಕ್ಷೆ ಆದ ಮೇಲೆ ಎಲ್ಲರೂ ಅವರು ಸುಮ್ಮನಾಗುತ್ತಾರೆ ಅಂದುಕೊಂಡಿದ್ದರು. ಅವರು ಪ್ರಶ್ನೆ ಕೇಳಲು ಶುರು ಮಾಡಿದರು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಅನ್ನುವ ತ್ರಯೇಕತ್ವ ಬೈಬಲಿನಲ್ಲಿ ಎಲ್ಲಿದೆ? ಇಷ್ಟೊಂದು ಪಂಗಡಗಳು ಯಾಕೆ? ವಾಂಟೇಜ್ ಮಠದ ಸಿಸ್ಟರ್ ಜೆರಾಲ್ಡೀನ್ ರಮಾಬಾಯಿಗೆ ತಾಯಿಯಂತಿದ್ದವರು, ಆದರೆ ವಿಧೇಯತೆ ಬಯಸಿದವರು. ಚರ್ಚು ಹೇಳಿದ್ದನ್ನು ಒಪ್ಪಿಕೋ ಅಂತ ಅವರ ಬುದ್ಧಿವಾದ. 1885ರ ಒಂದು ಪತ್ರದಲ್ಲಿ ರಮಾಬಾಯಿ ಉತ್ತರ ಕೊಟ್ಟರು. ಬಹಳ ಕಷ್ಟಪಟ್ಟು ನಮ್ಮ ದೇಶದ ಪುರೋಹಿತರ ನೊಗ ಈಗಷ್ಟೇ ಇಳಿಸಿದ್ದೇನೆ, ಅಂಥದ್ದೇ ಇನ್ನೊಂದಕ್ಕೆ ಕತ್ತು ಕೊಡಲು ನನಗೆ ಮನಸ್ಸಿಲ್ಲ ಅನ್ನುವುದು ಅದರ ಸಾರ. ಕ್ರಿಸ್ತನ ಚರ್ಚಿಗೆ ಸೇರಿದ್ದೇನೆ ನಿಜ, ಆದರೆ ಪಾದ್ರಿ ಬಿಷಪ್ಪರ ಬಾಯಿಂದ ಬಿದ್ದ ಮಾತನ್ನೆಲ್ಲಾ ಒಪ್ಪಬೇಕಾಗಿಲ್ಲ ಅಂತಲೂ ಬರೆದರು.

ಊಟದ ವಿಷಯಕ್ಕೂ ತಕರಾರು. ಮೊಟ್ಟೆ ಇದೆ ಅಂತ ಅವರು ಪುಡಿಂಗ್ ಮುಟ್ಟುತ್ತಿರಲಿಲ್ಲ. ಸಿಸ್ಟರಿಗೆ ಅದು ಜಾತಿಯ ಅಹಂಕಾರದಂತೆ ಕಂಡಿತು. ರಮಾಬಾಯಿ ಬಿಡಲಿಲ್ಲ. ನನ್ನನ್ನು ಹಿಂದೂ ಅಂತ ಕರೆದರೆ ನನಗೆ ಸಂತೋಷ, ನಾನು ಹಿಂದೂವೇ, ಹಿರಿಯರ ನಡೆಯನ್ನು ಆದಷ್ಟು ಇಟ್ಟುಕೊಳ್ಳುತ್ತೇನೆ ಅಂದರು. ಒಬ್ಬ ಇಂಗ್ಲಿಷ್ ಹೆಂಗಸು ಹಿಂದೂಗಳ ನಡುವೆ ಬಂದು ಇದ್ದು ತನ್ನ ಊಟ ಉಡುಪು ಬದಲಿಸದಿದ್ದರೆ ಅವಳನ್ನು ಅಹಂಕಾರಿ ಅನ್ನುತ್ತೀರಾ ಅಂತ ತಿರುಗಿ ಕೇಳಿದರು. ಅವರು ಕೊನೆಯವರೆಗೂ ಸಸ್ಯಾಹಾರಿ. ನನ್ನ ಮಟ್ಟಿಗೆ ಇದರಲ್ಲಿ ಜಾತಿಯ ವಾಸನೆ ಸ್ವಲ್ಪವೂ ಇರಲಿಲ್ಲ ಅನ್ನಲಾರೆ. ಹಾಗೆ ಅವರೂ ಅನ್ನಲಿಲ್ಲ. ಆದರೆ ಧರ್ಮ ಬದಲಿಸಿದವಳು ತಟ್ಟೆಯನ್ನೂ ಬದಲಿಸಬೇಕು ಅನ್ನುವ ಒತ್ತಾಯಕ್ಕೆ ಅವರು ಕೊಟ್ಟ ಉತ್ತರ ಇವತ್ತಿಗೂ ಸರಿಯಾಗಿದೆ.

ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಅವರು ಓದುತ್ತಾ ಸಂಸ್ಕೃತ ಕಲಿಸುತ್ತಿದ್ದರು. ಗಂಡು ಹುಡುಗರಿಗೂ ಪಾಠ ಹೇಳಲಿ ಅನ್ನುವ ಮಾತು ಬಂದಾಗ ಭಾರತದ ಬಿಷಪ್ಪರಿಬ್ಬರು ಬೇಡ ಅಂದರು. ಊರಿಗೆ ಹೋದ ಮೇಲೆ ಹೆಸರು ಕೆಡುತ್ತದೆಯಂತೆ! ನನ್ನ ಅಮ್ಮ ಹುಡುಗರಿಗೆ ಕಲಿಸುವಾಗ ನನ್ನ ಅಪ್ಪ ಬೇಡ ಅನ್ನಲಿಲ್ಲ, ನನಗೆ ನನ್ನ ಗಂಡ ಬೇಡ ಅನ್ನಲಿಲ್ಲ, ಇಂಗ್ಲಿಷರು ಬೇಡ ಅನ್ನುತ್ತಿದ್ದಾರಲ್ಲ ಅಂತ ಅವರಿಗೆ ಆಶ್ಚರ್ಯ. ಗಂಗಾಮೂಲದ ಕಾಡಿನಲ್ಲಿ ಆಗಿದ್ದ ವಾದವೇ ಇಂಗ್ಲೆಂಡಿನಲ್ಲಿ ಮತ್ತೆ ನಡೆಯಿತು. ಉಡುಪಿಯ ಜಾಗದಲ್ಲಿ ಈಗ ಬಿಷಪ್ಪರಿದ್ದರು.

ಅಮೆರಿಕದ ಕಥೆ ಬೇಗ ಹೇಳಿಬಿಡುತ್ತೇನೆ. 1886ರಲ್ಲಿ ಫಿಲಡೆಲ್ಫಿಯಾದಲ್ಲಿ, ಭಾರತದ ಮೊದಲ ಹೆಣ್ಣು ಡಾಕ್ಟರುಗಳಲ್ಲಿ ಒಬ್ಬರಾದ ಆನಂದೀಬಾಯಿ ಜೋಶಿ ಪದವಿ ಪಡೆಯುವುದನ್ನು ನೋಡಲು ಹೋದವರು ಎರಡೂವರೆ ವರ್ಷಕ್ಕೂ ಹೆಚ್ಚು ಅಲ್ಲೇ ಉಳಿದರು. 1887ರಲ್ಲಿ ಮೇಲ್ಜಾತಿಯ ಹಿಂದೂ ಹೆಣ್ಣಿನ ಪಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಅದನ್ನು ಅಮ್ಮ ಲಕ್ಷ್ಮೀಬಾಯಿಯ ನೆನಪಿಗೆ ಅರ್ಪಿಸಿದರು. ಊರೂರು ತಿರುಗಿ ಭಾಷಣ ಮಾಡಿದರು. ಬಾಸ್ಟನ್‌ನಲ್ಲಿ ಅವರ ಹೆಸರಿನ ಸಂಘ ಹುಟ್ಟಿ, ವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡುವುದಾಗಿ ಮಾತು ಕೊಟ್ಟಿತು. ಧರ್ಮಪ್ರಚಾರ ಮಾಡುವ ಹಾಗಿಲ್ಲ ಅನ್ನುವುದು ಕರಾರು.

1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ಶುರುವಾಯಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳು ಗೋದೂಬಾಯಿ ಅನ್ನುವ ಬಾಲವಿಧವೆ. ಮುಂದಿನ ವರ್ಷ ಸದನ ಪುಣೆಗೆ ಬಂತು. ಅಲ್ಲಿ ಹುಡುಗಿಯರು ಕೂದಲು ಬೆಳೆಸಬಹುದಿತ್ತು, ಪಾಠ ಕಲಿಯಬಹುದಿತ್ತು. ಬ್ರಾಹ್ಮಣ ಪದ್ಧತಿಯ ಅಡುಗೆ, ಅವರವರ ಪೂಜೆ ಅವರವರಿಗೆ. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು.

ಜಗಳ ಹೊತ್ತಿದ್ದು ಆ ತೆರೆದ ಬಾಗಿಲಿನಿಂದ. ತಿಲಕರ 'ಕೇಸರಿ' ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ಸುಧಾರಕರಾದ ರಾನಡೆ, ಭಂಡಾರ್ಕರ್ ಸದನದ ಸಲಹಾ ಸಮಿತಿಯಿಂದ ಹೊರಬಂದರು. ಮನೆಯವರು ಇಪ್ಪತ್ತಕ್ಕಿಂತ ಹೆಚ್ಚು ಹುಡುಗಿಯರನ್ನು ವಾಪಸು ಕರೆದುಕೊಂಡು ಹೋದರು. ಈ ವಿಷಯದಲ್ಲಿ ನಾನು ರಮಾಬಾಯಿಯ ಪೂರ್ತಿ ಪರ ಇಲ್ಲ. ಮಾತು ಕೊಟ್ಟಾಗಿತ್ತು, ಮತ್ತು ಅಲ್ಲಿದ್ದವರು ಹೋಗಲು ಬೇರೆ ದಿಕ್ಕಿಲ್ಲದ ಹುಡುಗಿಯರು. ಅನ್ನ ಕೊಟ್ಟು ಅಕ್ಷರ ಕೊಟ್ಟ ಅಕ್ಕ ಪ್ರಾರ್ಥನೆಗೆ ಕೂತಾಗ ಅದು ಬರೀ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಆದರೆ ಅವರು ಯಾರನ್ನೂ ಬಲವಂತ ಮಾಡಲಿಲ್ಲ ಅನ್ನುವುದಕ್ಕೆ ಗೋದೂಬಾಯಿಯೇ ಇದ್ದಾರೆ. ಆ ಗಲಾಟೆಯ ವರ್ಷದಲ್ಲೇ, 1893ರ ಮಾರ್ಚಿನಲ್ಲಿ, ಆಕೆ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿ ಕರ್ವೆ ಆದರು. ಹಿಂದೂವಾಗಿಯೇ ಉಳಿದರು. ಕರ್ವೆ ಮುಂದೆ 1896ರಲ್ಲಿ ವಿಧವೆಯರ ಆಶ್ರಮ ಕಟ್ಟಿದರು, ಹೆಣ್ಣುಮಕ್ಕಳ ವಿಶ್ವವಿದ್ಯಾಲಯ ಕಟ್ಟಿದರು. ರಮಾಬಾಯಿಯನ್ನು ಬೈದ ಪುಣೆಗೆ ಆಕೆಯ ಶಾಲೆ ಕೊಟ್ಟ ಕಾಣಿಕೆ ಇದು.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ರಮಾಬಾಯಿಗೆ ಬರ ಅಂದರೆ ಏನು ಅಂತ ಹೊಟ್ಟೆಗೇ ಗೊತ್ತಿತ್ತು. ಅವರೇ ಹೊರಟರು. ಗಂಜಿ ಕೇಂದ್ರಗಳಲ್ಲಿ, ಬಡವರ ಶಿಬಿರಗಳಲ್ಲಿ ಅವರು ನೋಡಿದ್ದು ಬರೀ ಹಸಿವಲ್ಲ. ಅನಾಥ ಹುಡುಗಿಯರ ಸುತ್ತ ಹದ್ದಿನಂತೆ ತಿರುಗುವ ಗಂಡಸರನ್ನೂ ನೋಡಿದರು. ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಟ್ಟುಪಾಡು, ಅಷ್ಟು ಜನರನ್ನು ಇಡಲು ಆಗಲಿಲ್ಲ. ಪುಣೆ ಜಿಲ್ಲೆಯ ಕೆಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ ತೋಟಕ್ಕೆ ಕರೆದೊಯ್ದರು. ಅದೇ ಮುಕ್ತಿ ಸದನವಾಯಿತು. 1900ರ ಗುಜರಾತಿನ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು.

ಇಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಶಾರದಾ ಸದನ ಮೇಲ್ಜಾತಿಯ ವಿಧವೆಯರಿಗಾಗಿ ಹುಟ್ಟಿದ್ದು. ಮುಕ್ತಿಗೆ ಯಾರು ಬೇಕಾದರೂ ಬರಬಹುದಿತ್ತು. ಎಲ್ಲಾ ಜಾತಿಯ ಹುಡುಗಿಯರು, ಕುರುಡರು, ಮುದುಕಿಯರು, ಊರು ಹೊರಗೆ ಹಾಕಿದವರು. ಕೆಟ್ಟುಹೋದವರು ಅಂತ ಹೆಸರಾದವರಿಗೆ ಕೃಪಾ ಸದನ ಇತ್ತು. ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸಿದರು. ನೇಯ್ಗೆ, ಹೊಲಿಗೆ, ಗಾಣ, ಹೈನು, ತೋಟ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ಶಾಸ್ತ್ರ ಓದಿ ವಾದ ಮಾಡಿ ಬಿಡಿಸಲಾಗದ ಜಾತಿಯ ಗಂಟು ಬರದ ಅಡುಗೆಮನೆಯಲ್ಲಿ ಬಿಚ್ಚಿಕೊಂಡಿತು.

ಇಲ್ಲಿ ಅವರು ಬಹಿರಂಗವಾಗಿ ಕ್ರೈಸ್ತ ಬೋಧಕಿ. ಈಗ ಕರಾರು ಇರಲಿಲ್ಲ. ಹುಡುಗಿಯರನ್ನು ತಂಡ ಕಟ್ಟಿ ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆ ಹೇಳಲು ಕಳಿಸಿದರು. 1905ರಲ್ಲಿ ಮುಕ್ತಿಯಲ್ಲಿ ದೊಡ್ಡ ಭಕ್ತಿಯ ಅಲೆ ಎದ್ದಿತು. ಹುಡುಗಿಯರು ಅಳುತ್ತಾ, ಜೋರಾಗಿ ಪ್ರಾರ್ಥಿಸುತ್ತಾ ದಿನಗಟ್ಟಲೆ ಕೂರುತ್ತಿದ್ದರು. ಆ ಭಾಗ ಓದುವಾಗ ನನಗೆ ಒಂದು ಪ್ರಶ್ನೆ ಬಿಡುವುದಿಲ್ಲ. ಹಸಿವಿನಿಂದ ಎತ್ತಿ ತಂದ ಮಗುವಿಗೆ, ರಮಾಬಾಯಿಗೆ ಸಿಕ್ಕ ಹಾಗೆ, ಬೇಡ ಅನ್ನುವ ಸ್ವಾತಂತ್ರ್ಯ ಎಷ್ಟಿತ್ತು? ಅವರು ಸ್ವತಃ ಮೂವತ್ತು ವರ್ಷ ಓದಿ, ನಡೆದು, ವಾದಿಸಿ ನಂಬಿಕೆಗೆ ಬಂದವರು. ಆ ಹುಡುಗಿಯರಿಗೆ ಅಷ್ಟು ಹೊತ್ತು ಸಿಗಲಿಲ್ಲ. ಇದನ್ನು ಹೇಳಿಯೂ ಇನ್ನೊಂದು ಮಾತು ಹೇಳಬೇಕು. ಅವರನ್ನು ಬೈದವರಲ್ಲಿ ಎಷ್ಟು ಜನ ಆ ಹುಡುಗಿಯರಲ್ಲಿ ಒಬ್ಬಳನ್ನಾದರೂ ಮನೆಗೆ ಕರೆತಂದರು?

ಆ ಪ್ರಶ್ನೆಗೆ ರಮಾಬಾಯಿಯ ಕಡೆಯಿಂದ ಏನಾದರೂ ಉತ್ತರ ಇದ್ದರೆ ಅದು ಅವರ ಕೊನೆಯ ಕೆಲಸ. ಆಗ ಇದ್ದ ಮರಾಠಿ ಬೈಬಲ್ ಹಳ್ಳಿಯ ಹೆಂಗಸರಿಗೆ ಕಷ್ಟ ಅಂತ ಅವರಿಗೆ ಅನ್ನಿಸಿತ್ತು. ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತು, ಮೂಲದಿಂದಲೇ ಇಡೀ ಬೈಬಲನ್ನು ಸುಲಭ ಮರಾಠಿಗೆ ತರಲು ಕೂತರು. ಬರಗಾಲದಲ್ಲಿ ಅಕ್ಷರವೇ ಗೊತ್ತಿಲ್ಲದೆ ಬಂದಿದ್ದ ಹೆಂಗಸರು ಈಗ ಮೊಳೆ ಜೋಡಿಸಿದರು, ಕರಡು ತಿದ್ದಿದರು, ಹಾಳೆ ಮಡಚಿದರು, ಹೊಲಿದು ರಟ್ಟು ಹಾಕಿದರು. ಕೆರೆ ದಂಡೆಯಲ್ಲಿ ಕೂತು ಅರ್ಥವಾಗದ ಶ್ಲೋಕ ಓದುತ್ತಿದ್ದ ಪುರಾಣಿಕರ ಮಗಳು ಈಗ ಪುಸ್ತಕವನ್ನು ಕೇಳುವವರ ಕೈಗೇ ಕೊಟ್ಟರು. ಓದು, ನೀನೇ ನೋಡು. ಕಿವಿ ಪೂರ್ತಿ ಕೇಳಿಸದಂತಾಗಿತ್ತು, ಮೈ ಸೋತಿತ್ತು, ಆದರೂ ಅನುವಾದ ಮುಗಿಸಿದರು. ಅದು ಪೂರ್ತಿಯಾಗಿ ಹೊರಬಂದದ್ದು 1924ರಲ್ಲಿ. ಅಷ್ಟರಲ್ಲಿ ಅವರು ಇರಲಿಲ್ಲ. 1921ರ ಜುಲೈಯಲ್ಲಿ ಮಗಳು ಮನೋರಮಾ ಹೋದರು, 1922ರ ಏಪ್ರಿಲ್ 5ರಂದು ರಮಾಬಾಯಿ.

ಮನೋರಮಾ ಬಗ್ಗೆ ಒಂದು ಮಾತು, ಏಕೆಂದರೆ ಅದು ನಮ್ಮ ನಾಡಿನದು. 1910ರ ದಶಕದಲ್ಲಿ, ಗುಲ್ಬರ್ಗ ಇನ್ನೂ ನಿಜಾಮರ ಹೈದರಾಬಾದಿನಲ್ಲಿದ್ದಾಗ, ಆ ಹಿಂದುಳಿದ ಸೀಮೆಯಲ್ಲಿ ತಾಯಿ ಮಗಳು ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಮಾಳದ ಶಾಸ್ತ್ರಿಗಳು ಒಬ್ಬ ಹೆಂಗಸಿಗೆ ಕಲಿಸಲು ಕಾಡು ಸೇರಬೇಕಾಯಿತು. ಅವರ ಮಗಳು, ಮೊಮ್ಮಗಳು ಕನ್ನಡ ನಾಡಿನ ಇನ್ನೊಂದು ತುದಿಯಲ್ಲಿ ಊರ ನಡುವೆಯೇ ಶಾಲೆ ಇಟ್ಟರು. ನಮ್ಮಲ್ಲಿ ಇದನ್ನು ಹೇಳುವವರು ಕಮ್ಮಿ ಅನ್ನುವುದು ನನಗೆ ನಿಜವಾಗಿ ಬೇಸರ.

ಅವರನ್ನು ಅವರ ಮಾತಿನಲ್ಲೇ ಓದಬೇಕು ಅನ್ನುವವರು 1907ರ ಸಾಕ್ಷ್ಯದ ಬರಹದಿಂದ ಶುರು ಮಾಡಬಹುದು. ಚಿಕ್ಕದು, ಒಂದು ಸಂಜೆಗೆ ಮುಗಿಯುತ್ತದೆ. ಬರ, ಅಮ್ಮನ ರೊಟ್ಟಿ, ಮರಳಿನ ಗುಂಡಿ ಎಲ್ಲಾ ಅದರಲ್ಲಿದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅದು ನಂಬಿಕೆ ಗಟ್ಟಿಯಾದ ಮೇಲೆ ಹಿಂತಿರುಗಿ ನೋಡಿ ಬರೆದದ್ದು, ಅಲ್ಲಿ ಜಗಳ ತಣ್ಣಗಾಗಿದೆ. ಸಿಸ್ಟರ್ ಜೆರಾಲ್ಡೀನ್‌ಗೆ ಬರೆದ ಪತ್ರಗಳನ್ನೂ ಹುಡುಕಿ ಓದಿ. ಅಲ್ಲಿ ಅವರಿಗೆ ಇಪ್ಪತ್ತೇಳು ವರ್ಷ, ಪರದೇಶ, ಇನ್ನೊಬ್ಬರ ಅನ್ನ, ಆದರೂ ಒಂದು ಪ್ರಶ್ನೆಯನ್ನೂ ನುಂಗಿಕೊಂಡಿಲ್ಲ.